ಹಳೇ ಲ್ಯಾಪ್‌ಟಾಪಿನ ಶುಕ್ರವಾರ

ಅತ್ತೆಮ್ಮಾ,

ನಾವಿಲ್ಲಿ ಕ್ಷೇಮ ಎಂದು ಬರೆಯಬಹುದು, ನಿಮ್ಮ ಕ್ಷೇಮಕ್ಕೆ ಕಾಗದ ಹಾಕಿ ಎಂದು ಬರೆಯುವಂತಿಲ್ಲ. ನಿಮಗೆ ಓದು ಬರುತ್ತಿರಲಿಲ್ಲ ಎನ್ನುವುದನ್ನೂ ನಾನು ಮರೆತಿಲ್ಲ. ಅಲ್ಲಿ ಮಾವನವರಿದ್ದಾರಲ್ಲ, ಅವರ ಕೈಲಿ ಓದಿಸಿಕೊಳ್ಳಿ. ನಾನು ಈ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲೇ ಹೋದ ಮನುಷ್ಯ, ಸೊಸೆಯ ಕೈಬರಹ ಹೇಗಿದೆ ಎಂದು ಅವರೂ ನೋಡಿದ ಹಾಗಾಗುತ್ತದೆ. ಆದರೆ ನಮಸ್ಕಾರಕ್ಕೆ ಮೊದಲು ನಿಮ್ಮ ಹತ್ತಿರ ಒಂದು ಜಗಳ ಬಾಕಿ ಇದೆ. ಏನು ಮಾಡಿಟ್ಟು ಹೋಗಿದ್ದೀರಿ ನೀವು? ಯಾರಾದರೂ ಹಾಗೆ ಮಾಡುತ್ತಾರಾ? ನೆನೆಸಿಕೊಂಡರೆ ಈಗಲೂ ನನ್ನ ಕೈ ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ.

ಆ ಬೆಳಿಗ್ಗೆ ನಾನು ಕೊಟ್ಟ ಕಾಫಿಗೆ ನೀವು ಮುಖ ಹಿಂಡಿದಿರಿ. "ಸಕ್ಕರೆ ಡಬ್ಬಿ ತೋರ್ಸಿ ಮುಚ್ಚಿಟ್ಯಾ, ಇಲ್ಲ ಹಾಕಿದ್ಯಾ?" ಎಂದು ಗೊಣಗಿ, ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟಿರಿ. ಬಂದ ಮೇಲೆ ಇದಕ್ಕೆ ಸರಿಯಾದ ಉತ್ತರ ಕೊಡಬೇಕು ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆ ಪುಟ್ಟಕ್ಕ ಓಡಿಬಂದಳು. "ನಿಮ್ಮತ್ತೆ..." ಎಂದಳು. ನಾನು ಕೇಳಿದ್ದು ಏನು ಗೊತ್ತಾ? "ಹಾಲು ಚೆಲ್ಲಿಬಿಟ್ರಾ?" ಅಂತ. ಚೆಲ್ಲಿರಲಿಲ್ಲ. ಸಾಲಿನಲ್ಲಿ ನಿಂತವರು ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತು, ಹಾಗೆಯೇ ಗೋಡೆಗೆ ಒರಗಿಬಿಟ್ಟಿರಂತೆ. ನಮ್ಮ ಮಾದಿಹಳ್ಳಿಯ ಹೆಂಗಸರೆಲ್ಲ ನಿಮಗೆ ತಲೆ ಸುತ್ತು ಬಂದಿದೆ ಎಂದುಕೊಂಡು ನೀರು ಚಿಮುಕಿಸಿದರಂತೆ. ಒಂದು ಲೋಟ ಕಾಫಿ ಕುಡಿದು ಹೋದವರು, ಸಕ್ಕರೆ ಸಾಲದು ಎಂದು ಬೈದು ಹೋದವರು... ಹಾಗೆ ಹೋಗುವುದುಂಟಾ?

ಮಣ್ಣು ಮಾಡಿ ಬಂದ ಮಾರನೆಯ ದಿನ ಬೇಲೂರಿನಿಂದ ಬಂದಿದ್ದ ನಿಮ್ಮ ಮಗಳು ಸುಶೀಲಕ್ಕ ಕೇಳಿದರು, "ಅವ್ವಂದು ಒಂದು ಪಟ ಎಲ್ಲೈತೆ?" ಹನ್ನೊಂದರ ತಿಥಿಗೆ ಪಟ ಇಡಬೇಕು, ಹಾರ ಹಾಕಬೇಕು, ಮುಂದೆ ಎಡೆ ಇಡಬೇಕು. ಪಟವೇ ಇಲ್ಲದೆ ಯಾರಿಗೆ ಎಡೆ? ಪೆಟ್ಟಿಗೆ, ಬೀರು, ಹಾಸಿಗೆಯ ಅಡಿ, ಅಟ್ಟ ಎಲ್ಲ ತಡಕಾಡಿದೆವು. ಸಿಕ್ಕಿದ್ದು ಎಲೆಕ್ಷನ್ ಕಾರ್ಡು ಒಂದೇ. ಅದರಲ್ಲಿ ನೀವು ಕೊಟ್ಟಿಗೆಗೆ ನುಗ್ಗಿದ ಕಳ್ಳನನ್ನು ನೋಡುವ ಹಾಗೆ ಕ್ಯಾಮೆರಾದವನನ್ನು ದುರುಗುಟ್ಟಿದ್ದೀರಿ. ನಿಮ್ಮ ಮಗ ಅದನ್ನು ನೋಡಿ, "ಇದು ನಮ್ಮವ್ವ ಅಲ್ಲ ಬಿಡು" ಎಂದು ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಅರ್ಧ ತಾಲ್ಲೂಕಿನ ಮದುವೆ ಆಲ್ಬಮ್ಮುಗಳನ್ನು ಡಿಸೈನ್ ಮಾಡುವವಳು ನಾನು. ನಮ್ಮ ಮನೆಯ ಯಜಮಾನಿಯ ಒಂದು ಮುಖ ನಮ್ಮ ಮನೆಯಲ್ಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅಂದರೆ ಇದೇ ತಾನೇ?

ಆ ಲ್ಯಾಪ್‌ಟಾಪ್ ನಮ್ಮ ಮನೆಗೆ ಬಂದ ದಿನ ನಿಮಗೆ ನೆನಪಿರಬೇಕು. ಅರಸೀಕೆರೆಯ ಸ್ಟುಡಿಯೋದವರು ತಾವು ಬಳಸಿ ಬಿಟ್ಟದ್ದನ್ನು ನನಗೆ ದಾಟಿಸಿದ್ದರು. ಅದು ಬರುವಾಗಲೇ ಅರ್ಧ ಮುದುಕ. ನಾನು ಹೊಸ ಕರು ಬಂದಷ್ಟು ಸಂಭ್ರಮದಲ್ಲಿ ಅದನ್ನು ಮೇಜಿನ ಮೇಲಿಟ್ಟರೆ ನೀವು ಬಾಗಿಲಲ್ಲೇ ನಿಂತು, "ಈ ಪೆಟ್ಗೆ ಮುಂದೆ ಕೂತ್ರೆ ಹಸ ಕರೆಯೋರ್ಯಾರು?" ಎಂದಿರಿ. ಆಮೇಲೆ ಯಾವಾಗಲೋ ಹತ್ತಿರ ಬಂದು ಅದರ ಪಕ್ಕೆಯ ಜಾಲರಿಗೆ ಅಂಗೈ ಒಡ್ಡಿ ಬೆಚ್ಚಿಬಿದ್ದಿರಿ. "ಬಿಸಿ ಉಸ್ರು ಬಿಡ್ತದಲ್ಲೇ ಇದು! ಜ್ವರ ಗಿರ ಬಂದೈತಾ?" ನಾನು ನಗುತ್ತಾ, ಕೆಲಸ ಮಾಡಿದರೆ ಅದಕ್ಕೆ ಬಿಸಿಯಾಗುತ್ತೆ ಅತ್ತೆಮ್ಮಾ ಎಂದೆ. "ದುಡಿಯೋರ್ಗೆಲ್ಲ ಅಂಗೇಯ" ಎಂದು ಹೇಳಿ ಕೊಟ್ಟಿಗೆಗೆ ಹೋದಿರಿ. ಅಲ್ಲಿಂದಾಚೆ ಅದರ ಸುದ್ದಿ ಬಂದಾಗಲೆಲ್ಲ ನಿಮ್ಮ ಬಾಯಲ್ಲಿ ಅದು ಶನಿ, ಪೀಡೆ, ಸವತಿ. ನಿಮಗೆ ಅದನ್ನು ಕಂಡರಾಗದು ಎಂದೇ ನಾನು ತಿಳಿದಿದ್ದೆ. ಹಾಗೆ ತಿಳಿಯದೆ ಇನ್ನು ಹೇಗೆ ತಿಳಿಯಬೇಕಿತ್ತು, ನೀವೇ ಹೇಳಿ.

ಆಯುಧಪೂಜೆಯ ದಿನ ಕುಡುಗೋಲು, ಮಚ್ಚು, ನಿಮ್ಮ ಮಗನ ಲೈನ್‌ಮನ್ ಕೆಲಸದ ಸಾಮಾನು, ಮೋಟರ್ ಸೈಕಲ್ಲು ಎಲ್ಲಕ್ಕೂ ನಾನೇ ಬೊಟ್ಟಿಡುತ್ತಿದ್ದೆ. ನೀವು ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಮಾವ ಹೋದ ಮೇಲೆ ನೀವು ಕುಂಕುಮದ ಭರಣಿ ಮುಟ್ಟಿದ್ದನ್ನು ಈ ಊರಲ್ಲಿ ಯಾರೂ ಕಂಡಿರಲಿಲ್ಲ. ಮುತ್ತೈದೆಯರು ಮನೆಗೆ ಬಂದರೆ ಕುಂಕುಮ ಕೊಡಲು ನನ್ನನ್ನು ಕೂಗುತ್ತಿದ್ದಿರಿ. ನಾನಿಲ್ಲದಿದ್ದರೆ ಪುಟ್ಟಕ್ಕನನ್ನು ಕರೆಯುತ್ತಿದ್ದಿರಿ. ಹಸುವಿನ ಹಣೆಗೂ ವಾರ ವಾರ ನನ್ನ ಕೈಲೇ ಇಡಿಸುತ್ತಿದ್ದಿರಿ. ಆ ಸಲ ನಾನು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಒಂದು ಪುಟ್ಟ ಬೊಟ್ಟಿಟ್ಟು ಕೈ ಒರೆಸಿಕೊಂಡಾಗ ಹೊಸಿಲಿನಿಂದಲೇ ಕೂಗಿದಿರಿ, "ಅಲ್ಲಲ್ಲ ಕಣೇ, ಉಸ್ರು ಬಿಡೋ ಕಡೀಕಿಡು!" ಅಲ್ಲಿಟ್ಟರೆ ಕೆಟ್ಟುಹೋಗುತ್ತೆ ಎಂದೆ. "ಕುಂಕ್ಮದಿಂದ ಕೆಡೋ ವಸ್ತು ಯಾವ್ದೈತೆ ಲೋಕದಾಗೆ?" ಎಂದು ನೀವು ಮೂತಿ ತಿರುಗಿಸಿದಿರಿ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ, ಅಲ್ಲವಾ?

ಪಟಕ್ಕಾಗಿ ತಲೆ ಕೆಡಿಸಿಕೊಂಡು ಕೂತಾಗ ನನಗೆ ಹುಲಿಕೆರೆಯ ಕಲ್ಲು ಮೆಟ್ಟಿಲ ಕಲ್ಯಾಣಿ ನೆನಪಾಯಿತು. ನಿಮ್ಮ ತಮ್ಮನ ಮೊಮ್ಮಗಳ ಮದುವೆ ಆದ ಮರುದಿನ ಸ್ಟುಡಿಯೋದವರು ಹೆಣ್ಣು ಗಂಡನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ಹೊಡೆದಿದ್ದರು. ನೀವೂ ಜೊತೆಗೆ ಬಂದು ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತಾ ಮೇಲಿನ ಮೆಟ್ಟಿಲ ತುದಿಯಲ್ಲಿ ಕೂತಿದ್ದಿರಿ. ಒಂದು ಫೋಟೊದ ಅಂಚಿನಲ್ಲಿ ನೀವೂ ಬಿದ್ದಿದ್ದಿರಿ. ನಾನು ಆ ಆಲ್ಬಮ್ ಜೋಡಿಸುವಾಗ, ಅದೊಂದೇ ಸಲ, ನೀವಾಗಿ ಬಂದು ಪರದೆ ನೋಡಿದಿರಿ. ನಿಮ್ಮನ್ನು ಅಲ್ಲಿ ಕಂಡದ್ದೇ, "ಏ ನನ್ನ ತೆಗ್ದಾಕೇ! ಮದುವೆ ಪಟದಾಗೆ ನಾನ್ಯಾಕೆ? ಒಳ್ಳೇದಲ್ಲ ಅದು" ಎಂದು ಗಾಬರಿಬಿದ್ದಿರಿ. ಎಷ್ಟು ಹೇಳಿದರೂ ಕೇಳಲಿಲ್ಲ. ತೆಗೆಯುವವರೆಗೆ ಪಕ್ಕದಿಂದ ಏಳಲೂ ಇಲ್ಲ. ಆಲ್ಬಮ್ಮಿನಿಂದ ನೀವು ಹೋದಿರಿ. ಸ್ಟುಡಿಯೋದವರ ಹತ್ತಿರ ಮೂಲ ಫೋಟೊ ಉಳಿದಿರಲಿಲ್ಲ. ಇದ್ದರೆ ನನ್ನ ಲ್ಯಾಪ್‌ಟಾಪಿನ ಹಳೇ ಫೋಲ್ಡರಿನಲ್ಲಿ ಮಾತ್ರ ಇರಬೇಕಿತ್ತು.

ಆದರೆ ಆ ಫೋಲ್ಡರ್ ತೆರೆದರೆ ತಾನೇ? ಕೊನೆಕೊನೆಗೆ ಅದು ಎಷ್ಟು ನಿಧಾನವಾಗಿತ್ತು ಎನ್ನುವುದು ನಿಮಗೂ ಗೊತ್ತು. ಬೆಳಿಗ್ಗೆ ಬಟನ್ ಒತ್ತಿ, ಹೋಗಿ ಹಾಲು ಕರೆದು ಬಂದರೂ ಇನ್ನೂ ಕಣ್ಣು ಉಜ್ಜುತ್ತಾ ಕೂತಿರುತ್ತಿತ್ತು. ಒಳಗೆ ಕರಕರ ಎಂದು ಏನೋ ಜಗಿಯುವ ಸದ್ದು. "ಸ್ಲೋ ಆಗೋಯ್ತು, ನನ್ನ ಹೊಟ್ಟೆಪಾಡಿಗೆ ಕಲ್ಲು ಬಿತ್ತು" ಎಂದು ನಾನು ತಲೆ ಚಚ್ಚಿಕೊಂಡರೆ ನೀವು ಎದ್ದು ಹೋಗುತ್ತಿದ್ದಿರಿ. ನೀವು ಹೋದ ಮೇಲಂತೂ ಅದಕ್ಕೂ ಜೀವ ಬೇಡವಾದಂತಿತ್ತು. ಫೋಟೊಗಳ ಹೆಸರು ಕಾಣಿಸುವಷ್ಟರಲ್ಲಿ ಕೈ ಸುಡುವಷ್ಟು ಬಿಸಿಯಾಗಿ ಆರಿಹೋಗುತ್ತಿತ್ತು. ನೀವು ಅದರೊಳಗೆ ಎಲ್ಲೋ ಮೆಟ್ಟಿಲ ಮೇಲೆ ಕೂತಿದ್ದೀರಿ, ನಾನು ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದೇನೆ ಎನ್ನಿಸಿ ಭಯವಾಯಿತು. ತಿಥಿ ಹತ್ತಿರ ಬರುತ್ತಿತ್ತು. ಕೊನೆಗೆ ಅದನ್ನು ಟವಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು, ಹಳೇಬೀಡಿನಲ್ಲಿ ಬಸ್ ಬದಲಿಸಿ, ಜಾವಗಲ್ ಮೇಲೆ ಅರಸೀಕೆರೆಗೆ ಹೋದೆ.

ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಯಾಜ್ ನನಗೆ ಸ್ಟುಡಿಯೋದವರ ಕಡೆಯಿಂದ ಪರಿಚಯ. ನೋಡಿದ ಕೂಡಲೇ, "ಮೆಮೊರಿ ಸಾಲಲ್ಲ ಅಕ್ಕ, ಹಾರ್ಡ್ ಡಿಸ್ಕೂ ಮುದಿಯಾಗಿದೆ. ಎರಡೂ ಬದಲಾಯಿಸಿದ್ರೆ ಕುದುರೆ ಥರ ಓಡುತ್ತೆ" ಎಂದರು. ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ಮೆಮೊರಿ ಎಂದರೆ ಅಡುಗೆ ಕಟ್ಟೆ ಇದ್ದ ಹಾಗೆ. ಕಟ್ಟೆ ಚಿಕ್ಕದಾದರೆ ಸೊಪ್ಪು ಹೆಚ್ಚುವಾಗ ಹಿಟ್ಟಿನ ಪಾತ್ರೆ ಕೆಳಗಿಡಬೇಕು, ಹಿಟ್ಟು ಎತ್ತಿಕೊಂಡರೆ ಸೊಪ್ಪು ಕೆಳಗಿಡಬೇಕು, ಕೆಲಸ ಸಾಗದು. ಹಾರ್ಡ್ ಡಿಸ್ಕ್ ಎಂದರೆ ಅಟ್ಟ, ಎಲ್ಲ ಪದಾರ್ಥ ತುಂಬಿಡುವ ಜಾಗ. ನಯಾಜ್ ಮೊದಲು ಕಟ್ಟೆ ದೊಡ್ಡದು ಮಾಡಿದರು. ಲ್ಯಾಪ್‌ಟಾಪ್ ಥಟ್ಟನೆ ಎದ್ದು ಕೂತಿತು. ನಾನು ಇನ್ನೇನು ಚಪ್ಪಾಳೆ ತಟ್ಟಬೇಕು, ಮತ್ತೆ ಕರಕರ, ಮತ್ತೆ ಬಿಸಿ, ಮತ್ತೆ ಕತ್ತಲೆ. ಆಮೇಲೆ ಅಟ್ಟವನ್ನೂ ಹೊಸದು ಹಾಕಿ ಹಳೆಯದರಲ್ಲಿ ಇದ್ದದ್ದನ್ನೆಲ್ಲ ಅದಕ್ಕೆ ತುಂಬಿಸಿದರು. ನನ್ನ ಫೋಲ್ಡರ್ ಬಂದಿದೆ ಎಂದು ತಿಳಿದಾಗ ನನಗೆ ಅರ್ಧ ಜೀವ ಬಂತು. ಅದನ್ನು ತೆರೆಯಲು ಹೋದರೆ ಮತ್ತೆ ಅದೇ ಕಥೆ. ನಯಾಜ್ ಜಾಲರಿಯ ಮುಂದೆ ಕೈಯಿಟ್ಟು ನೋಡಿ ತಲೆ ಆಡಿಸಿದರು. "ಎಲ್ಲ ಹೊಸದು ಹಾಕಿದ್ರೂ ಓಡ್ತಿಲ್ಲ ಅಂದ್ರೆ ಇದಕ್ಕೆ ಉಸಿರು ಕಟ್ಟಿದೆ ಅಕ್ಕ. ಗಾಳಿನೇ ಆಚೆ ಬರ್ತಿಲ್ಲ. ಪೂರ್ತಿ ಬಿಚ್ಚಬೇಕು."

ಅವರು ಕೀಬೋರ್ಡು ಎತ್ತಿ, ಒಂದೊಂದೇ ಸ್ಕ್ರೂ ತೆಗೆದು ಫ್ಯಾನಿನ ಮೇಲಿನ ತಗಡು ಎಬ್ಬಿಸಿದಾಗ ನಾನು ಹಿಂದಕ್ಕೆ ಸರಿದೆ. ಒಳಗೆಲ್ಲ ಕೆಂಪು. ಒಣಗಿದ ರಕ್ತದಂಥ ಕೆಂಪು. "ಸುಟ್ಟೋಗಿದೆಯಾ? ತುಕ್ಕಾ?" ಎಂದು ಕೇಳಿದೆ. ನಯಾಜ್ ಬೆರಳಿನಿಂದ ಮುಟ್ಟಿ, ಮೂಗಿನ ಹತ್ತಿರ ಹಿಡಿದು, ನನ್ನ ಹಣೆ ನೋಡಿದರು. "ಅಕ್ಕಾ... ಇದು ಕುಂಕುಮ." ಬಿಸಿಗಾಳಿ ಹೊರಗೆ ಹೋಗುವ ಸಣ್ಣ ಸಂದುಗಳಲ್ಲೆಲ್ಲ ಕುಂಕುಮ ಮೆತ್ತಿ ಮೆತ್ತಿ ಒಣಗಿ ಗೋಡೆ ಕಟ್ಟಿತ್ತು. ಅದರ ಮೇಲೆ ಊದುಬತ್ತಿಯ ಬೂದಿ. ಜಾಲರಿಯ ಒಂದು ಕಂಬಿ ಮುರಿದಿತ್ತಲ್ಲ, ಅಲ್ಲಿಂದ ನುಗ್ಗಿದ ಒಂದು ಅಕ್ಷತೆ ಕಾಳು ಫ್ಯಾನಿನ ರೆಕ್ಕೆಗೆ ಸಿಕ್ಕಿಕೊಂಡಿತ್ತು. ಅಷ್ಟು ದಿನ ಕರಕರ ಎನ್ನುತ್ತಿದ್ದದ್ದು ಅದು! ವರ್ಷಕ್ಕೊಂದು ಸಲ ಮುಚ್ಚಳದ ಮೇಲೆ ನಾನಿಡುತ್ತಿದ್ದ ಬೊಟ್ಟು ಇಷ್ಟಾಗಲು ಸಾಧ್ಯವಾ? ನಮ್ಮ ಮನೆಯಲ್ಲಿ ಕುಂಕುಮ ಮುಟ್ಟುವ ಹೆಂಗಸು ನಾನೊಬ್ಬಳೇ ತಾನೇ? ಮತ್ತೆ ಯಾರು...

ನಯಾಜ್ ಗಾಳಿ ಊದುವ ಮಿಷನ್ ಕೈಯಲ್ಲಿ ಹಿಡಿದವರು ಸ್ವಿಚ್ ಹಾಕದೆ ನಿಂತರು. "ಊದಿದ್ರೆ ಎಲ್ಲ ನೆಲಕ್ಕೆ ಬಿದ್ದು ಕಾಲಡಿ ಆಗುತ್ತೆ. ಪೂಜೆ ಸಾಮಾನು, ಬೇಡ ಬಿಡಿ" ಎಂದು ಪೇಪರ್ ಹಾಸಿ, ಬ್ರಷ್ ತೆಗೆದುಕೊಂಡು ಮೆಲ್ಲಗೆ ಕೆರೆದರು. ಉದುರಿದ್ದನ್ನು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಫ್ಯಾನು ಕೂರಿಸಿ ಬಟನ್ ಒತ್ತಿದರೆ ಕರಕರ ಸದ್ದೇ ಇಲ್ಲ. ಫೋಲ್ಡರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಹುಲಿಕೆರೆಯ ಮೆಟ್ಟಿಲ ತುದಿಯಲ್ಲಿ ನೀವಿದ್ದಿರಿ. ಸುತ್ತ ಊರಿನ ಚಪ್ಪಲಿಯೆಲ್ಲ ಗುಡ್ಡೆ, ಬಿಸಿಲಿಗೆ ಒಂದು ಕೈ ಹಣೆಯ ಪಕ್ಕಕ್ಕೆ ಒಡ್ಡಿದ್ದಿರಿ, ಮದುಮಗ ಕಾಲು ಜಾರಿದ್ದಕ್ಕೋ ಏನೋ ಬಾಯಿತುಂಬ ನಗುತ್ತಿದ್ದಿರಿ, ಬಿದ್ದುಹೋದ ಹಲ್ಲಿನ ಜಾಗವೂ ಕಾಣುತ್ತಿತ್ತು. ಹುಡುಕಿ ಬಂದ ಮುಖ ಸಿಕ್ಕಿತ್ತು. ನಾನು ಕುಣಿಯಬೇಕಿತ್ತು. ಆದರೆ ಆ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗರ ಬಡಿದವಳಂತೆ ಬಸ್ಸಿನಲ್ಲಿ ಕೂತು ಬಂದೆ. ಹಳೇಬೀಡಿನಲ್ಲಿ ಇಳಿಯುವುದನ್ನೂ ಮರೆತಿದ್ದೆ, ಕಂಡಕ್ಟರ್ ಕೂಗಿ ಇಳಿಸಿದ.

ಊರಿಗೆ ಬಂದವಳು ಮನೆಗೆ ಹೋಗಲಿಲ್ಲ, ನೇರವಾಗಿ ಪುಟ್ಟಕ್ಕನ ಜಗುಲಿಗೆ ಹೋಗಿ ಪೊಟ್ಟಣ ಬಿಚ್ಚಿ ತೋರಿಸಿದೆ. ಅವಳು ಒಂದು ಸಲ ನೋಡಿದಳು, ಸೆರಗಿನಿಂದ ಕಣ್ಣೊತ್ತಿಕೊಂಡಳು. "ಅಯ್ಯೋ, ನಿಂಗೊತ್ತಾಗೇ ಇಲ್ವೇನೇ? ಶುಕ್ರವಾರ ನೀನು ಸೀಡಿ ಕೊಡಕ್ಕೆ ಅರಸೀಕೆರೆ ಬಸ್ ಹತ್ತಿದ್ದೇ ತಡ, ನಿಮ್ಮತ್ತೆ ಅದ್ನ ಮಣೆ ಮೇಲೆ ಕೂರ್ಸೋಳು. ಊದ್‌ಬತ್ತಿ ಹಚ್ಚೋಳು. ಬೆಳ್ಳು ನೀರಿಗದ್ದಿ ಅದರ ಪಕ್ಕೆಗೆ ಕುಂಕ್ಮ ಇಡೋಳು. ಒಂದಿನ ನಾನು ಮಜ್ಜಿಗೆ ಇಸ್ಕೊಳ್ಳಾಕೆ ಬಂದೋಳು ನೋಡ್ಬುಟ್ಟೆ. ಯಾಕಕ್ಕ, ನೀನು ಕುಂಕ್ಮ ಮುಟ್ಟೀಯೆ ಅಂದೆ."

"ಏನಂದ್ರು?" ಎಂದೆ.

"ನಮ್ ಹುಡ್ಗಿ ದಿನಾ ಅದ್ರ ಮುಂದೆ ಕೂತು ದುಡೀತಾಳೆ. ವರ್ಷಕ್ಕೊಂದ್ಸಲ ಬೊಟ್ಟಿಟ್ರೆ ಸಾಕಾ, ಹಸೂಗೆ ವಾರ ವಾರ ಇಡಲ್ವಾ ಅಂದ್ಲು. ಅವಳಿಗೇಳ್ಬ್ಯಾಡ ಕಣೇ ಪುಟ್ಟಿ, ಮುಂಡೆ ಕೈಯಿನ ಕುಂಕ್ಮ ಜನ ಬ್ಯಾಡ ಅಂತಾರೆ, ಮಿಸನ್ನು ಅನ್ನಲ್ಲ ಅಂದ್ಲು." ಪುಟ್ಟಕ್ಕ ಮೂಗು ಸೀನಿಕೊಂಡು ಮತ್ತೆ ಹೇಳಿದಳು, "ಈಚೀಚೆಗೆ ನೀನು ಸ್ಲೋ ಸ್ಲೋ ಅಂತ ಅಳ್ತಿದ್ದಲ್ಲ, ಅದ್ಕೇ ನೀನು ಸಂತೆಗೋದಾಗ ಮಂಗಳವಾರಾನೂ ಶುರು ಮಾಡಿದ್ಲು."

ಅತ್ತೆಮ್ಮಾ! ಮಂಗಳವಾರವೂ! ಅದಕ್ಕೆ ಉಸಿರು ಕಟ್ಟಿದಷ್ಟೂ ನೀವು ಕುಂಕುಮ ಮೆತ್ತಿದ್ದೀರಿ, ನೀವು ಮೆತ್ತಿದಷ್ಟೂ ಅದಕ್ಕೆ ಉಸಿರು ಕಟ್ಟಿದೆ! ನಾನು ನಕ್ಕೆನೋ ಅತ್ತೆನೋ ಪುಟ್ಟಕ್ಕನನ್ನೇ ಕೇಳಬೇಕು. ನಿಮ್ಮ ದೆಸೆಯಿಂದ ಎಷ್ಟು ಆಲ್ಬಮ್ಮುಗಳು ತಡವಾದವು, ಸ್ಟುಡಿಯೋದವರ ಬಾಯಲ್ಲಿ ಎಂಥೆಂಥ ಮಾತು ಕೇಳಿದೆ ಗೊತ್ತಾ? ನನ್ನ ಎದುರು ಶನಿ ಎಂದು ಬೈದು, ನಾನು ಬಸ್ಸು ಹತ್ತಿದ ಮೇಲೆ ಅದೇ ಶನಿಗೆ ಕೈ ಮುಗಿಯುವುದು ಯಾವ ಊರಿನ ನ್ಯಾಯ? ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನಾ? ಜಾಲರಿಗೆ ಬೇಡ ಅನ್ನುತ್ತಿದ್ದೆ, ನಿಜ. ನಿಮ್ಮ ಕೈ ಬೇಡ ಅನ್ನುತ್ತಿರಲಿಲ್ಲ. ಅಷ್ಟು ವರ್ಷ ಆಸೆಪಟ್ಟು ಮುಟ್ಟದೆ ಉಳಿದ ಭರಣಿಗೆ ನೀವು ಕೊನೆಗೂ ಕೈ ಹಾಕಿದ್ದು ನಿಮ್ಮ ಹಣೆಗಲ್ಲ, ನನ್ನ ಲ್ಯಾಪ್‌ಟಾಪಿಗೆ. ಇದನ್ನು ನಾನು ಹೇಗೆ ಅರಗಿಸಿಕೊಳ್ಳಲಿ? ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಎಷ್ಟು ಪ್ರೀತಿ ಬಂದಿದೆ ಎಂದರೆ ಸಿಟ್ಟೇ ಬಂದಿದೆ.

ತಿಥಿಯ ಹಿಂದಿನ ದಿನ ನಿಮ್ಮ ಪಟ ಮಾಡಲು ಕೂತೆ. ಚಪ್ಪಲಿ ರಾಶಿ, ಮೆಟ್ಟಿಲು, ಮದುಮಕ್ಕಳ ಸೆರಗಿನ ತುದಿ ಎಲ್ಲವನ್ನೂ ತೆಗೆದೆ. ಮದುವೆಯ ಪಟದಿಂದ ನಿಮ್ಮನ್ನು ತೆಗೆಸಿದಿರಲ್ಲ, ಈ ಸಲ ನಿಮಗಾಗಿ ಮದುವೆಯನ್ನೇ ತೆಗೆದೆ. ಹೊಸ ಕಟ್ಟೆ, ಹೊಸ ಅಟ್ಟ, ಬಿಚ್ಚಿದ ಉಸಿರು. ಲ್ಯಾಪ್‌ಟಾಪ್ ಹೇಳಿದ್ದನ್ನೆಲ್ಲ ಕೇಳಿತು. ಹೀಗೆ ತೀರಿಕೊಂಡವರ ಪಟಗಳನ್ನು ನಾನು ಎಷ್ಟೋ ಮಾಡಿದ್ದೇನೆ. ಮುತ್ತೈದೆಯಾಗಿ ಹೋದವರ ಹಣೆಗೆ ಮೌಸಿನಲ್ಲೇ ದುಂಡಗೆ ಕುಂಕುಮ ಇಡುವುದು ರೂಢಿ. ಗಂಡ ಮೊದಲು ಹೋದವರಿಗೆ ಹಣೆ ಖಾಲಿ ಬಿಡಿ ಎಂದು ಮನೆಯವರೇ ಹೇಳಿಕಳಿಸುತ್ತಾರೆ. ನಿಮ್ಮ ಹಣೆಯ ಮೇಲೆ ಮೌಸಿನ ಬಾಣದ ಗುರುತು ತಂದು ನಿಲ್ಲಿಸಿದೆ. ಮೌಸಿನ ಕುಂಕುಮ ಬೇಡ ಎನ್ನಿಸಿತು. ಹಾಗೆಯೇ ಬಿಟ್ಟು ಬೇಲೂರಿಗೆ ಕಳಿಸಿ ಫ್ರೇಮ್ ಹಾಕಿಸಿದೆ.

ತಿಥಿಯ ದಿನ ನಡುಮನೆಯಲ್ಲಿ ಪಟ ಇಟ್ಟೆವು. ನಗುವ ನಿಮ್ಮನ್ನು ನೋಡಿ ನಿಮ್ಮ ಮಗ, "ಹ್ಞೂಂ, ಇದು ನಮ್ಮವ್ವ" ಎಂದರು. ಸುಶೀಲಕ್ಕ ಹಾರ ಹಾಕಿದರು, ನೆಂಟರು ಬಂದು ವಿಭೂತಿ ಹಚ್ಚಿದರು. ಎಡೆಯಲ್ಲಿ ಕಾಫಿಯೂ ಇತ್ತು, ಸಕ್ಕರೆ ಜಾಸ್ತಿ ಹಾಕಿದ್ದೆ. ಎಲ್ಲ ಆದ ಮೇಲೆ ನಾನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪೊಟ್ಟಣ ತೆಗೆದೆ. ಕೆಂಪು ಕಂಡದ್ದೇ ಸುಶೀಲಕ್ಕ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. "ಏಯ್, ಏನೇ ಮಾಡ್ತಿದ್ದೀಯಾ? ಅವ್ವಂಗೆ ಕುಂಕ್ಮ ಇಡಬಾರ್ದು ಕಣೇ!" ಹಿಂದೆ ಹೆಂಗಸರೆಲ್ಲ ಗುಸುಗುಸು ಎಂದರು. ನಾನು ಪೊಟ್ಟಣ ಬಿಡಲಿಲ್ಲ. "ಇದು ನಂದಲ್ಲ ಸುಶೀಲಕ್ಕ, ಅತ್ತೆಮ್ಮಂದೇ" ಎಂದು ಎಲ್ಲರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಶುಕ್ರವಾರ, ಮಣೆ, ಜಾಲರಿ, ಮಂಗಳವಾರ, ಎಲ್ಲ. ಬಾಗಿಲಲ್ಲಿ ನಿಂತಿದ್ದ ಪುಟ್ಟಕ್ಕ ಹೌದು ಹೌದು ಎಂದು ತಲೆಯಾಡಿಸಿದಳು. ನೀವು ಗುಟ್ಟಾಗಿ ಇಟ್ಟದ್ದನ್ನು ಹರಾಜು ಹಾಕಿದೆ ಎಂದು ಬೈಯಬೇಡಿ.

ಸುಶೀಲಕ್ಕ ಪೊಟ್ಟಣದ ಕಡೆ ಬಗ್ಗಿ ನೋಡಿದರು. "ನಮ್ಮವ್ವನಾ? ಕುಂಕ್ಮ ಮುಟ್ಟಿದ್ಲಾ?" ಎಂದು ಕೇಳಿದರು. ಅವರ ಮುಖ ನಯಾಜ್ ಅಂಗಡಿಯಲ್ಲಿ ನನ್ನ ಮುಖ ಹೇಗಾಗಿತ್ತೋ ಹಾಗೆಯೇ ಆಗಿತ್ತು. ಆಮೇಲೆ ನನ್ನ ಕೈ ಬಿಟ್ಟು, ಪಟದ ಕಡೆ ತಿರುಗಿ, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದರು, "ಈಗ ಅಪ್ಪನ ತಾವ್ಕೇ ಹೋಗವ್ಳಲ್ಲ... ಇನ್ನೇನು? ಇಡು."

ಇವತ್ತು ಶುಕ್ರವಾರ. ನಾನು ಸ್ನಾನ ಮಾಡಿ ಲ್ಯಾಪ್‌ಟಾಪನ್ನು ನಿಮ್ಮ ಮಣೆಯ ಮೇಲೇ ಕೂರಿಸಿದ್ದೇನೆ. ಇನ್ನು ಮೇಲೆ ವಾರ ವಾರ ಇಡುತ್ತೇನೆ, ಮಾತು ಕೊಟ್ಟಿದ್ದೇನೆ. ಆದರೆ ಮುಚ್ಚಳದ ಮೇಲೆ ಮಾತ್ರ. ಉಸಿರು ಬಿಡುವ ಕಡೆ ಸೆರಗು ಅಡ್ಡ ಹಿಡಿದು ಇಡುತ್ತೇನೆ, ಅದಕ್ಕೆ ನೀವು ಅಲ್ಲಿಂದ ಕೂಗಬೇಡಿ. ಮಂಗಳವಾರ ಸಾಧ್ಯವಿಲ್ಲ, ಕೆಲಸ ಜಾಸ್ತಿ ಬಂದಿದೆ. ಪಟದ ಗಾಜಿನ ಮೇಲೆ ಅವತ್ತು ನೀರಿಗೆ ಬೆರಳದ್ದಿ ಇಟ್ಟ ನಿಮ್ಮ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿದೆ. ಕೈ ನಡುಗಿದ್ದಕ್ಕೆ ಸ್ವಲ್ಪ ಎಡಕ್ಕೆ ಸರಿದಿದೆ, ಒರೆಸಿ ನೆಟ್ಟಗಿಡೋಣ ಎಂದು ನಿಮ್ಮ ಮಗ ಅಂದರು, ನಾನು ಮುಟ್ಟಲು ಬಿಡಲಿಲ್ಲ. ಮಾವನವರು ಓದುತ್ತಾ ಈ ಸಾಲಿಗೆ ಬಂದಾಗ ಅವರನ್ನು ಒಂದು ಗಳಿಗೆ ನಿಲ್ಲಿಸಿ, ನಿಮ್ಮ ಹಣೆ ಮುಟ್ಟಿ ನೋಡಿಕೊಳ್ಳಿ.

ನಿಮ್ಮ ಸೊಸೆ
ಭಾಗ್ಯ